ಅಮೃತಮತಿಯನ್ನು ದ್ವೇಷಿಸಬಹುದೇ?

ಕಾದಂಬರಿಯೊಂದನ್ನು ಓದಿ ಮುಗಿಸಿದವರು ಅದರ ಭಾಷೆಯನ್ನೋ ನಿರೂಪಣೆಯನ್ನೋ ಕುರಿತು ಮಾತನಾಡುವುದು ಕಡಿಮೆ. ಅದರೊಳಗಿನ ಮನುಷ್ಯರ ಕುರಿತು ಮಾತನಾಡುವುದೇ ಹೆಚ್ಚು. ಅದರಲ್ಲಿಯೂ ತಪ್ಪು ಮಾಡಿದ ಹೆಣ್ಣೊಬ್ಬಳು ಕಥೆಯಲ್ಲಿದ್ದರೆ ಮಾತು ಬಹುಬೇಗ ತೀರ್ಪಿಗೆ ತಿರುಗುತ್ತದೆ. ಬ್ರಹ್ಮಾವರದಿಂದ ಕುಂದಾಪುರವನ್ನು ದಾಟಿ ಬೈಂದೂರಿನವರೆಗಿನ ಕರಾವಳಿಯಲ್ಲಿ ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದ ಮನೆಗಳು ಅನೇಕ. ಕಥೆ ನಡೆಯುವುದೇ ಈ ಕಡಲ ತಡಿಯಲ್ಲಿ. ಆದುದರಿಂದ ಅದರ ಪಾತ್ರಗಳು ಇಲ್ಲಿಯವರಿಗೆ ನೆರೆಮನೆಯವರಂತೆ. ಪಾರೋತಿ, ಸರಸೋತಿಯರ ಹೆಸರು ಬಂದಾಗ ಕಣ್ಣು ತೇವವಾಗುತ್ತದೆ. ರಾಮ ಐತಾಳರ ಎರಡನೆಯ ಹೆಂಡತಿ ಸತ್ಯಭಾಮೆಯ ಹೆಸರು ಬಂದಾಗ ದನಿ ಬಿಗಿಯಾಗುತ್ತದೆ. ಸವತಿಯಾಗಿ ಬಂದವಳು, ಮಗ ಲಚ್ಚ ಕೆಟ್ಟುಹೋಗುವಂತೆ ಮುದ್ದು ಮಾಡಿದವಳು ಎಂಬುದು ಆಕೆಯ ಮೇಲಿನ ದೂರು. ಮಕ್ಕಳಿಲ್ಲವೆಂಬ ಕಾರಣಕ್ಕೆ ಎರಡನೆಯ ಮದುವೆ ಮಾಡಿಕೊಂಡವರು ಐತಾಳರು. ಆದರೆ ದೂರಿನ ಪಟ್ಟಿಯಲ್ಲಿ ಅವರ ಹೆಸರು ಕೆಳಗೆಲ್ಲೋ ಬರುತ್ತದೆ.

ಇಲ್ಲದ ಹೆಣ್ಣೊಬ್ಬಳನ್ನು ಹಳಿದರೆ ಯಾರಿಗೆ ನಷ್ಟ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ಬಿಡುವುದು ಜೈನ ಗೃಹಸ್ಥನಿಗೆ ಸಾಧ್ಯವಿಲ್ಲ. ಏಕೆಂದರೆ ತಪ್ಪು ಮಾಡಿದ ಹೆಣ್ಣಿನ ಕಥೆಗಳಲ್ಲಿ ಕನ್ನಡಿಗರು ಮರೆಯದ ಒಂದನ್ನು ಕೊಟ್ಟವನೇ ಜೈನ ಕವಿ ಜನ್ನ.

ಜನ್ನನ ‘ಯಶೋಧರ ಚರಿತೆ’ ರಚಿತವಾದುದು 1209ರಲ್ಲಿ. ಸೋಮದೇವಸೂರಿಯ ಯಶಸ್ತಿಲಕ (959), ವಾದಿರಾಜನ ಸಂಸ್ಕೃತ ಕಾವ್ಯ ಮೊದಲಾದವು ಅದಕ್ಕೂ ಮೊದಲೇ ಈ ಕಥೆಯನ್ನು ಹೇಳಿದ್ದವು. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ಇರುಳಿನಲ್ಲಿ ತೇಲಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಮಾವುತ, ನೋಡಲಾಗದಷ್ಟು ವಿಕಾರ ರೂಪಿನವನು. ನೋಡಿ ಬಂದ ಸಖಿ ಹೇಸಿಕೊಂಡು ವರದಿ ಮಾಡಿದರೂ ರಾಣಿಯ ಮನಸ್ಸು ಹಿಂದೆಗೆಯುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆಯುತ್ತಾನೆ, ಅದನ್ನೂ ಸಹಿಸುತ್ತಾಳೆ. ಹಿಂದೆ ಬಂದ ಅರಸ ಇದನ್ನು ಕಂಡು ಕತ್ತಿಯೆತ್ತಿ, ಮತ್ತೆ ತಡೆದುಕೊಳ್ಳುತ್ತಾನೆ. ಮುಂದೆ ಆತ ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಡುವ ಹೊತ್ತಿಗೆ ಆಕೆ ಗಂಡನಿಗೂ ಅತ್ತೆಗೂ ವಿಷದ ಲಡ್ಡುಗೆಯನ್ನು ಉಣಿಸಿ ಕೊಲ್ಲುತ್ತಾಳೆ. ಕೊನೆಗೆ ಆಕೆಯ ಮೈ ರೋಗದಿಂದ ಕೊಳೆಯುತ್ತದೆ. ಸತ್ತು ನರಕಕ್ಕೆ ಹೋಗುತ್ತಾಳೆ.

ಇಷ್ಟು ಕೇಳಿದ ಮೇಲೆ ಆಕೆಯನ್ನು ದ್ವೇಷಿಸದಿರುವವರು ಯಾರು? ವ್ಯಭಿಚಾರಕ್ಕೆ ಕೊಲೆಯೂ ಸೇರಿದೆ, ಅದೂ ನಂಬಿ ಊಟಕ್ಕೆ ಕುಳಿತವರ ಕೊಲೆ. ಇದನ್ನು ತೇಲಿಸಿ ಹೇಳುವುದು ಸಲ್ಲದು. ಹಾಡಿಗೆ ಮರುಳಾದ ಬಡಪಾಯಿ ಹೆಣ್ಣೆಂದು ಮಾತ್ರ ಆಕೆಯನ್ನು ಚಿತ್ರಿಸುವ ಆಧುನಿಕ ವಿಮರ್ಶೆ ಲಡ್ಡುಗೆಯ ತಟ್ಟೆಯನ್ನು ಮರೆಯುತ್ತದೆ.

ಆದರೆ ಅದೇ ಕಾವ್ಯದಲ್ಲಿ ಇನ್ನೊಬ್ಬನಿದ್ದಾನೆ. ರಾಜಪುರದ ಅರಸ ಮಾರಿದತ್ತ ಚಂಡಮಾರಿಯ ಗುಡಿಯಲ್ಲಿ ಪ್ರಾಣಿಗಳ ಹಿಂಡನ್ನೇ ಬಲಿಗೆ ಕೂಡಿಹಾಕಿಸಿದವನು. ಅಷ್ಟು ಸಾಲದೆ ಎಳೆಯ ವಯಸ್ಸಿನ ಅಣ್ಣತಂಗಿಯರಾದ ಅಭಯರುಚಿ, ಅಭಯಮತಿಯರನ್ನು ಬಲಿಗೆ ತರಿಸಿದವನು. ಕಾವ್ಯವನ್ನು ಓದಿ ಮುಗಿಸಿದ ಯಾರ ಮನಸ್ಸಿನಲ್ಲಿಯೂ ಮಾರಿದತ್ತನ ಬಗೆಗೆ ಕಹಿ ಉಳಿಯುವುದಿಲ್ಲ. ಆ ಮಕ್ಕಳ ಬಾಯಿಂದ ಅವರ ಭವಾವಳಿಯನ್ನು ಕೇಳಿ ಆತ ಪಶ್ಚಾತ್ತಾಪಪಟ್ಟ, ಓದುಗ ಕ್ಷಮಿಸಿದ. ಹಾಗಾದರೆ ಓದುಗನ ದ್ವೇಷ ಪಾಪದ ಅಳತೆಯನ್ನು ಅನುಸರಿಸುತ್ತಿಲ್ಲ; ಕವಿ ಯಾರಿಗೆ ಪಶ್ಚಾತ್ತಾಪದ ಅವಕಾಶ ಕೊಟ್ಟ, ಯಾರಿಗೆ ಕೊಡಲಿಲ್ಲ ಎಂಬುದನ್ನು ಅನುಸರಿಸುತ್ತಿದೆ. ಅಮೃತಮತಿಗೆ ಧರ್ಮೋಪದೇಶ ಮಾಡಲು ಯಾರೂ ಬರಲಿಲ್ಲ.

ಕೈಕೆಯ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕುಂದಾಪುರದ ಸೀಮೆಯಲ್ಲಿ ತಾಳಮದ್ದಲೆಯ ಪರಿಚಯವಿಲ್ಲದವರು ವಿರಳ. ಪಟ್ಟಾಭಿಷೇಕದ ಪ್ರಸಂಗದಲ್ಲಿ ಕೈಕೆಯ ಅರ್ಥ ಹೇಳುವವರು ಒಳ್ಳೆಯ ವಿದ್ವಾಂಸರಾಗಿದ್ದರೆ, ಆಕೆಯನ್ನು ಶಪಿಸುತ್ತಾ ಕುಳಿತ ಸಭೆ ಅರ್ಧ ಗಳಿಗೆಯಲ್ಲಿ ಆಕೆಯ ಪಕ್ಷಕ್ಕೆ ವಾಲುವುದುಂಟು. ಕೈಕೆಯ ಕಾರ್ಯ ಬದಲಾಗಿರುವುದಿಲ್ಲ. ಆಕೆಯ ಮಾತನ್ನು ಕೇಳಿಸಿಕೊಂಡದ್ದು ಮಾತ್ರ ಹೊಸತು. ಜೈನ ರಾಮಾಯಣ ಪರಂಪರೆ ಈ ಕೆಲಸವನ್ನು ಬಹು ಹಿಂದೆಯೇ ಮಾಡಿತ್ತು. ವಿಮಲಸೂರಿಯ ‘ಪಉಮಚರಿಯ’ದಲ್ಲಿ ದಶರಥನು ದೀಕ್ಷೆಗೆ ಸಿದ್ಧನಾಗುತ್ತಾನೆ, ಭರತನಿಗೂ ವೈರಾಗ್ಯ ಹುಟ್ಟುತ್ತದೆ. ಗಂಡನನ್ನೂ ಮಗನನ್ನೂ ಒಮ್ಮೆಗೇ ಕಳೆದುಕೊಳ್ಳುವ ಭಯದಿಂದ, ಮಗನನ್ನಾದರೂ ಉಳಿಸಿಕೊಳ್ಳಲು ಕೈಕೆ ರಾಜ್ಯವನ್ನು ಬೇಡುತ್ತಾಳೆ. ರಾಮನನ್ನು ಮರಳಿ ಕರೆತರಲು ತಾನೇ ಕಾಡಿಗೆ ಹೋಗುತ್ತಾಳೆ, ಕಡೆಗೆ ಆರ್ಯಿಕೆಯಾಗುತ್ತಾಳೆ. ಕೈಕೆಗೆ ಇಷ್ಟು ಔದಾರ್ಯ ತೋರಿದ ಪರಂಪರೆಯೇ ಅಮೃತಮತಿಗೆ ಅದನ್ನು ತೋರಲಿಲ್ಲ. ಮೋಹದ ಭೀಕರ ಫಲವನ್ನು ಕಾಣಿಸುವುದು ಅಲ್ಲಿಯ ಉದ್ದೇಶವಾದುದರಿಂದ ಇದು ಕವಿಯ ದೋಷವಲ್ಲ. ಆದರೆ ಕವಿಯ ಉದ್ದೇಶವನ್ನು ಓದುಗನು ತನ್ನ ದ್ವೇಷಕ್ಕೆ ಪರವಾನಗಿಯೆಂದು ತಿಳಿಯಬಹುದೇ?

ಇದಕ್ಕೆ ಉತ್ತರ ಯಶೋಧರನ ಕಥೆಯಲ್ಲಿಯೇ ಇದೆ. ಅಮೃತಮತಿಯ ಮೇಲಿನ ಸಿಟ್ಟಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕಂಡ ದೃಶ್ಯದಿಂದ ಕಂಗೆಟ್ಟ ಅರಸ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ತಾಯಿ ಪ್ರಾಣಿಬಲಿಯ ಶಾಂತಿಯನ್ನು ಸೂಚಿಸುತ್ತಾಳೆ. ಮಗ ಒಪ್ಪದಿದ್ದಾಗ ರಾಜಿಯಾಗುತ್ತದೆ: ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತೆಂದು ಕಥೆ. ಅಷ್ಟಕ್ಕೇ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಗಿರೀಶ ಕಾರ್ನಾಡರು ಇದೇ ಕಥೆಯ ಆಧಾರದಿಂದ ಬರೆದ ನಾಟಕಕ್ಕೆ ‘ಹಿಟ್ಟಿನ ಹುಂಜ’ವೆಂದೇ ಹೆಸರಿಟ್ಟರು, ಕಥೆಯ ಕೀಲು ಎಲ್ಲಿದೆಯೆಂಬುದು ಅವರಿಗೆ ತಿಳಿದಿತ್ತು. ಹಿಟ್ಟಿಗೆ ಪ್ರಾಣವಿಲ್ಲ, ಕಡಿದವನ ಸಂಕಲ್ಪಕ್ಕೆ ಪ್ರಾಣವಿತ್ತು. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ನಡೆಯಿತು.

ಕಾದಂಬರಿಯ ಹೆಣ್ಣು ಹಿಟ್ಟಿನ ಕೋಳಿಯಂತೆ. ಆಕೆಗೆ ಮೈಯಿಲ್ಲ, ನೋವಿಲ್ಲ. ಆಕೆಯ ಮೇಲೆ ಎತ್ತಿದ ದ್ವೇಷ ಮಾತ್ರ ಓದುಗನ ಸ್ವಂತದ್ದು. ರಾಗಾದಿಗಳು ಹುಟ್ಟುವುದೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳುವಾಗ, ಆ ರಾಗದ್ವೇಷಗಳ ವಿಷಯ ಬದುಕಿದೆಯೋ ಇಲ್ಲವೋ ಎಂದು ವಿಂಗಡಿಸಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಹತ್ತಿರಕ್ಕೆ ಬರುತ್ತದೆ. ಗೃಹಸ್ಥನು ಬಿಡಬೇಕಾದ ಅನರ್ಥದಂಡಗಳಲ್ಲಿ ಅಪಧ್ಯಾನವೂ ಒಂದು. ಪರರಿಗೆ ಕೇಡಾಗಲೆಂದು ರಾಗದ್ವೇಷದಿಂದ ಚಿಂತಿಸುವುದು. ಅನರ್ಥವೆಂದರೆ ಪ್ರಯೋಜನವಿಲ್ಲದ್ದು. ಇಲ್ಲದವಳಿಗೆ ಕೇಡು ಬಯಸುವುದಕ್ಕಿಂತ ಪ್ರಯೋಜನವಿಲ್ಲದ ಪಾಪ ಮತ್ತೊಂದು ಇರಲಾರದು. (ಅದೇ ಪಟ್ಟಿಯ ದುಃಶ್ರುತಿಯನ್ನು ಮುಂದಿಟ್ಟು ಕಾದಂಬರಿ ಓದುವುದೇ ತಪ್ಪೆನ್ನುವ ಹಿರಿಯರುಂಟು. ಮಾವುತನ ಬಳಿಗೆ ನಡೆದ ರಾಣಿಯ ಕಥೆಯನ್ನು ಮುನಿಗಳೇ ಬರೆದರೆಂಬುದನ್ನು ಅವರಿಗೆ ವಿನಯದಿಂದ ನೆನಪಿಸಬಹುದು.)

ಆಕ್ಷೇಪ ಏಳುತ್ತದೆ. ದ್ವೇಷವನ್ನು ಬಿಟ್ಟರೆ ತಪ್ಪನ್ನು ತಪ್ಪೆನ್ನುವ ಬಲವೂ ಹೋಗುವುದಿಲ್ಲವೇ? ವಿಷವಿಕ್ಕಿದವಳನ್ನು ಸಮಭಾವದಿಂದ ಕಂಡರೆ ಮನೆಯ ಮಕ್ಕಳು ಏನನ್ನು ಕಲಿತಾರು? ಇದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ವ್ಯಾಪಾರಿಯ ಖಾತೆ ಪುಸ್ತಕದಲ್ಲಿ ಬಾಕಿದಾರನ ಹೆಸರಿನ ಎದುರು ಬರಬೇಕಾದ ಹಣ ಪೈಸೆ ತಪ್ಪದೆ ಬರೆದಿರುತ್ತದೆ. ಬಾಕಿಯನ್ನು ಅಳಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅದರ ಪಕ್ಕದಲ್ಲಿ ಬೈಗುಳ ಬರೆದರೆ ಬಾಕಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ತಪ್ಪನ್ನು ತಿಳಿಯುವುದು ಜ್ಞಾನದ ಕೆಲಸ, ಹಗೆ ಕಷಾಯದ ಕೆಲಸ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಸಂಕಟದಲ್ಲಿರುವವರಲ್ಲಿ ಕಾರುಣ್ಯ, ಬೋಧೆಗೆ ಬಗ್ಗದವರಲ್ಲಿ ಮಾಧ್ಯಸ್ಥ್ಯ ಎಂದು ನಾಲ್ಕು ಭಾವನೆಗಳನ್ನು ಹೇಳಿದೆ. ದುಷ್ಟರಿಗಾಗಿ ಐದನೆಯದಾಗಿ ದ್ವೇಷವನ್ನು ಸೇರಿಸಲಿಲ್ಲ. ಅಮೃತಮತಿ ನಾಲ್ಕನೆಯ ವರ್ಗಕ್ಕೆ ಸೇರುವವಳು. ಮೈ ಕೊಳೆಯತೊಡಗಿದ ದಿನದಿಂದ ಮೂರನೆಯದಕ್ಕೂ.

ಬಸದಿಯ ಜಗುಲಿಯಲ್ಲಿ, ಮದುವೆಯ ಚಪ್ಪರದಲ್ಲಿ ಸೊಸೆಯಂದಿರ ಬಗೆಗೆ, ಗಂಡನ ಮನೆ ಬಿಟ್ಟುಬಂದ ಹೆಣ್ಣುಮಕ್ಕಳ ಬಗೆಗೆ ನಡೆಯುವ ಮಾತುಕತೆಯನ್ನು ಲಕ್ಷಿಸಿದವರಿಗೆ ಈ ಜಿಜ್ಞಾಸೆ ಪುಸ್ತಕಕ್ಕೆ ಸೀಮಿತವಲ್ಲವೆಂದು ತಿಳಿದೀತು. ಸತ್ಯಭಾಮೆಯ ಮೇಲೆ ಪಳಗಿದ ನಾಲಿಗೆ ಮರುದಿನ ನೆರೆಮನೆಯವಳ ಮೇಲೆ ಹರಿಯುತ್ತದೆ. ಅಲ್ಲಿಯೂ ಅರ್ಧ ಕಥೆಯೇ ಗೊತ್ತಿರುವುದು, ಅಲ್ಲಿಯೂ ಐತಾಳರ ಹೆಸರು ಪಟ್ಟಿಯ ಕೆಳಗೆ. ಪರನಿಂದೆಯೂ ಆತ್ಮಪ್ರಶಂಸೆಯೂ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎರಡನ್ನೂ ಒಟ್ಟಿಗೆ ಹೇಳಿರುವುದು ಕಾರಣವಿಲ್ಲದೆ ಅಲ್ಲ. ಕೆಟ್ಟ ಹೆಣ್ಣನ್ನು ಹಳಿಯುವವರ ಮಾತಿನ ಅಡಿಯಲ್ಲಿ ತಾವು ಅಂಥವರಲ್ಲವೆಂಬ ಸಂತೋಷ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಕತ್ತಿಯನ್ನು ಎತ್ತಿಯೂ ತಡೆದುಕೊಂಡ ಆ ಇರುಳಿನಲ್ಲಿ ಯಶೋಧರನು ತನಗೆ ದ್ರೋಹ ಬಗೆದವಳನ್ನು ಕಣ್ಣಾರೆ ಕಂಡಿದ್ದ. ಓದುಗನಿಗೆ ಆಕೆಯಿಂದ ಯಾವ ಅನ್ಯಾಯವೂ ಆಗಿಲ್ಲ. ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳನ್ನು ದಾಟಿ ಅಭಯರುಚಿ, ಅಭಯಮತಿಯರಾಗಿ ಧರ್ಮದ ದಾರಿಗೆ ಬಂದುದನ್ನು ಜನ್ನ ವಿವರವಾಗಿ ಹೇಳುತ್ತಾನೆ. ಅಮೃತಮತಿಯನ್ನು ಮಾತ್ರ ನರಕದ ಬಾಗಿಲಿನಲ್ಲಿ ಬಿಟ್ಟು ಕಾವ್ಯ ಮುಂದೆ ಸಾಗುತ್ತದೆ. ಜೈನಮತದಲ್ಲಿ ನರಕಾಯುಷ್ಯ ಎಷ್ಟೇ ದೀರ್ಘವಾದರೂ ಮುಗಿಯುವಂಥದು. ಅದು ಮುಗಿದ ಮೇಲೆ ಆ ಜೀವ ಎಲ್ಲಿ ಹುಟ್ಟಿತು, ಯಾರ ಉಪದೇಶವನ್ನು ಕೇಳಿತು ಎಂಬುದನ್ನು ಕಾವ್ಯ ಹೇಳಿಲ್ಲ.