ಬಂಧ, ಸಂವರ, ನಿರ್ಜರೆ: ಲೋಹಗಳ ದೃಷ್ಟಾಂತ



ಭಾದ್ರಪದದ ದಶಲಕ್ಷಣ ಪರ್ವವು ಬಂದಾಗ ಕಳಸ, ಹೊರನಾಡು ಸೀಮೆಯಲ್ಲಿ ಮಳೆಯಿನ್ನೂ ಬಿಟ್ಟಿರುವುದಿಲ್ಲ. ಅಟ್ಟದಿಂದ ಇಳಿಸಿದ ತಾಮ್ರದ ಕೊಡವೂ ಹಿತ್ತಾಳೆಯ ಹರಿವಾಣವೂ ಕಿಲುಬು ಹಿಡಿದಿರುತ್ತವೆ. ಗೃಹಿಣಿಯು ಹುಣಸೆಹಣ್ಣು ಹಚ್ಚಿ ಬೆಳಗುತ್ತಾಳೆ. ಬಂಧತತ್ತ್ವದ ವಿವರಣೆಗೆ ಈ ಪಾತ್ರೆಗಳೇ ಸಾಕು.

ಲೋಹಗಳು ಕೂಡುವ ಬಗೆ ಎರಡು. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ, ಇವು ಮಿಶ್ರಲೋಹಗಳು. ಲೋಹದ ಪರಮಾಣುಗಳು ತಮ್ಮ ಹೊರ ಎಲೆಕ್ಟ್ರಾನುಗಳನ್ನು ಎಲ್ಲಕ್ಕೂ ಸಾಧಾರಣವಾಗಿ ಬಿಟ್ಟುಕೊಟ್ಟು ಕೂಡಿರುವುದರಿಂದ ಒಂದರ ನಡುವೆ ಮತ್ತೊಂದಕ್ಕೆ ಎಡೆಯಾಗುತ್ತದೆ. ಇಲ್ಲಿ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಹುದು; ಲೋಹದ ಹೊಳಪು ಉಳಿಯುತ್ತದೆ. ಎರಡನೆಯದು ಸಂಯುಕ್ತ. ಅಲ್ಲಿ ಪ್ರಮಾಣವು ನಿಯತ, ಮೂಲಗುಣವು ಮರೆ. ನಮ್ಮ ನೆರೆಯ ಕುದುರೆಮುಖದಲ್ಲಿ 2005ರ ಅಂತ್ಯದವರೆಗೆ ಅಗೆದ ಮ್ಯಾಗ್ನಟೈಟ್ ಅದಿರಿನಲ್ಲಿ ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಸೇರಿವೆ. ಆ ಕಪ್ಪು ಕಲ್ಲಿನಲ್ಲಿ ಕುಡುಗೋಲಿನ ಹೊಳಪು ಯಾರಿಗೂ ಕಾಣದು.

ಪರಮಾಣುಗಳ ಬಂಧವನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ವಿಚಾರಿಸಿದ್ದಾರೆ. ಸ್ನಿಗ್ಧ, ರೂಕ್ಷ ಗುಣಗಳೇ ಬಂಧಕ್ಕೆ ಕಾರಣ. ಜಘನ್ಯ ಗುಣವುಳ್ಳವುಗಳಿಗೆ ಬಂಧವಿಲ್ಲ. ಎರಡು ಅಂಶ ಅಧಿಕವಾದಲ್ಲಿ ಬಂಧವಾಗಿ, ಅಧಿಕವಾದುದು ನ್ಯೂನವಾದುದನ್ನು ತನ್ನಂತೆ ಪರಿಣಮಿಸುತ್ತದೆ. ಇಂದಿನ ರಸಾಯನಶಾಸ್ತ್ರದ ಪರಿಭಾಷೆ ಬೇರೆ. ಎರಡೂ ಒಂದೇ ಎಂದು ಸಾಧಿಸುವ ಆತುರ ನಮಗೆ ಬೇಡ. ಬಂಧವು ಅಕಾರಣವಾದುದಲ್ಲ ಎಂಬುದನ್ನು ಗ್ರಹಿಸಿದರೆ ಸಾಕು. ಜೀವನಿಗೆ ಕರ್ಮಪುದ್ಗಲವು ಅಂಟುವುದಕ್ಕೆ ಕಷಾಯವೇ ಕಾರಣ. ಆದರೆ ಒಂದು ಭೇದವುಂಟು. ಕಿಲುಬು ತಾಮ್ರದ ಒಂದಂಶವನ್ನು ತಿಂದೇ ಹುಟ್ಟುತ್ತದೆ. ಕರ್ಮವಾದರೋ ಎಷ್ಟೇ ಕವಿದರೂ ಆತ್ಮನ ಚೈತನ್ಯವನ್ನು ಕಬಳಿಸಲಾರದು.

ತಪಸ್ಸನ್ನು ಅಗ್ನಿಗೆ ಹೋಲಿಸುವುದು ರೂಢಿ. ಆದರೆ ಬೆಂಕಿ ಮಾತ್ರದಿಂದ ಶುದ್ಧಿಯಾಗದು. ತಾಮ್ರದ ತಗಡನ್ನು ತೆರೆದ ಗಾಳಿಯಲ್ಲಿ ಕಾಯಿಸಿ ನೋಡಿರಿ. ಅದು ಆಮ್ಲಜನಕವನ್ನು ಸೆಳೆದು ಕಪ್ಪಾಗುತ್ತದೆ. ಶುದ್ಧಿಗೆಂದು ಹಚ್ಚಿದ ಬೆಂಕಿಯೇ ಹೊಸ ಬಂಧಕ್ಕೆ ನಿಮಿತ್ತವಾಯಿತು! “ನಾನು ಹತ್ತು ದಿನ ಉಪವಾಸವಿದ್ದೆ, ಸೊಸೆ ಏಕಭುಕ್ತಕ್ಕೇ ಸೋತಳು” ಎಂಬ ಮಾತು ಬಾಯಿಗೆ ಬಂದ ಕ್ಷಣದಲ್ಲಿ ನಮ್ಮ ವ್ರತದ ಗತಿಯೂ ಇದೇ. ಹೊಟ್ಟೆ ಬರಿದಾಯಿತು, ಮಾನಕಷಾಯವು ತುಂಬಿತು.

ಎರಕದವನು ಇದನ್ನು ಬಲ್ಲ. ಮೂಸೆಯಲ್ಲಿ ಕರಗಿದ ಲೋಹದ ಮೇಲೆ ಅವನು ಇದ್ದಿಲು ಮುಚ್ಚಿ ಗಾಳಿಯನ್ನು ತಡೆಯುತ್ತಾನೆ. ಆ ಮುಚ್ಚಿಗೆಯೇ ಸಂವರ. ಕೆಳಗಿನ ಉರಿಯೇ ತಪಸ್ಸು. ಸಂವರವಿಲ್ಲದ ಉಪವಾಸವು ದೇಹವನ್ನು ಬಾಡಿಸೀತು, ಮೋಕ್ಷಮಾರ್ಗದಲ್ಲಿ ಒಂದು ಹೆಜ್ಜೆಯನ್ನೂ ಇಡಿಸದು.

ಆದಕಾರಣ, ಈ ಪರ್ವದಲ್ಲಿ ಆಹಾರವನ್ನು ಬಿಡುವ ಸಂಕಲ್ಪದೊಡನೆ ಒಂದು ಕಠೋರ ಮಾತನ್ನೂ ಬಿಡುವ ಸಂಕಲ್ಪ ಮಾಡೋಣ. ಶಕ್ತಿಯಿದ್ದವರು ಉಪವಾಸ ಮಾಡಲಿ. ವೃದ್ಧರೂ ರೋಗಿಗಳೂ ಶಕ್ತ್ಯನುಸಾರ ಏಕಭುಕ್ತವನ್ನೋ ರಸತ್ಯಾಗವನ್ನೋ ಕೈಕೊಳ್ಳಲಿ. ಪಾರಣೆಯ ದಿನ ಬೆಳಗಿದ ಹರಿವಾಣದಲ್ಲಿ ಮುಖ ಕಂಡಾಗ, ಒಳಗಿನ ಪಾತ್ರೆಯೂ ಬೆಳಗಿತೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಸರ್ವರಿಗೂ ಸಮ್ಯಕ್ತ್ವಲಾಭವಾಗಲಿ.