ನಕಲಿ ಗಡಿಯಾರದ ಹಣ

ಹರಿಹರದ ನಮ್ಮಂಥವರು ದಾವಣಗೆರೆಯ ಪೇಟೆಗೆ ಹೋದಾಗ ಹೆಸರಾದ ಕಂಪೆನಿಯ ಮುದ್ರೆಯುಳ್ಳ ಕೈಗಡಿಯಾರವನ್ನು ಅಲ್ಪ ಕ್ರಯಕ್ಕೆ ಕೊಳ್ಳುವದುಂಟು. ನಾವೂ ಒಮ್ಮೆ ಹಾಗೆಯೇ ಕೊಂಡೆವು. ವಾರದೊಳಗೆ ಅದು ನಿಂತುಹೋಯಿತು. ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವದು ನ್ಯಾಯವೋ?

ಮೋಸಹೋದವನು ಕೇಳುವದು ನ್ಯಾಯವೇ ಸರಿ. ಅಸಲೆಂದು ನಂಬಿಸಿ ನಕಲಿಯನ್ನು ಕೊಟ್ಟವನಿಂದ ಹಣವನ್ನು ಹಿಂದಕ್ಕೆ ಪಡೆಯುವದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮಾರ್ಗ ಮಾಡಿದೆ. ನಾವಾದರೋ ಬೆಲೆಯನ್ನು ಕೇಳಿದ ಕೂಡಲೆ ನಕಲಿಯೆಂದು ತಿಳಿದೆವು. ನೋಡುವವರು ಅಸಲೆಂದು ನಂಬಲಿ ಎಂದೇ ಕಟ್ಟಿಕೊಂಡೆವು. ಅಂಗಡಿಯವನು ನಮಗೆ ಹೇಳಿದ ಸುಳ್ಳು ಒಂದೇ, ಅದು ಚೆನ್ನಾಗಿ ಓಡುವದೆಂಬದು. ಕಂಡವರಿಗೆಲ್ಲಾ ಸುಳ್ಳಾಡುವದಕ್ಕಾಗಿ ನಾವು ಅದನ್ನು ಕೊಂಡಿದ್ದೆವು.

ಇತರರಿಂದ ಕಲಿಯುವದು ತಪ್ಪಲ್ಲ. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರಗಳ ಕಾರ್ಖಾನೆಯನ್ನು ಸ್ಥಾಪಿಸಿತು. ವಿದ್ಯೆಯನ್ನು ಪರರಿಂದ ಪಡೆದರೂ ಗಡಿಯಾರದ ಮುಖದ ಮೇಲೆ ತನ್ನ ಹೆಸರನ್ನು ಬರೆಯಿತು. ನಕಲಿಯ ಮೊದಲನೆಯ ದೋಷವು ಅದರ ಹೆಸರಿನಲ್ಲಿದೆ. ಯಂತ್ರದ ದೋಷವು ಆಮೇಲಿನದು.

ಹಾಗಾದರೆ ಅಂಗಡಿಯವನು ಹಣವನ್ನು ಇಟ್ಟುಕೊಳ್ಳಬಹುದೋ? ಕೂಡದು. ನಮ್ಮ ತಪ್ಪಿನಿಂದ ಅವನ ತಪ್ಪು ತೀರದು. ಆದರೂ ನಾವು ಕೇಳಲಿಲ್ಲ. ಯಾಕಂದರೆ ಹಿಂದಿರುಗಿಸಿದ ಗಡಿಯಾರವು ನಾಳೆ ಏನೂ ತಿಳಿಯದ ಮತ್ತೊಬ್ಬನ ಕೈಗೆ ಹೋಗಬಹುದು. ಅದರ ಮುದ್ರೆಯನ್ನು ಕೆರೆದು ಪೆಟ್ಟಿಗೆಯಲ್ಲಿಟ್ಟಿದ್ದೇವೆ. ವಾಚಕರೇ, ಮಾರಿದವನ ಮೇಲೆ ದೂರು ಹೇಳುವದಕ್ಕೆ ಮುಂಚೆ, ಕೊಳ್ಳುವಾಗ ನಾವು ಏನನ್ನು ಬಯಸಿದೆವೆಂದು ನಮ್ಮನ್ನೇ ಕೇಳಿಕೊಳ್ಳೋಣ.