ಮರಣವಾರ್ತೆ ಹೇಳದೆ ಬಿಟ್ಟ ಹೆಸರು

ಸತ್ತವರ ಕುರಿತು ಒಳ್ಳೆಯದನ್ನೇ ನುಡಿಯಬೇಕೆಂಬುದು ಬಹುತೇಕ ಎಲ್ಲ ಸಮಾಜಗಳೂ ಪಾಲಿಸಿಕೊಂಡು ಬಂದಿರುವ ಮರ್ಯಾದೆ. ಸತ್ಯವನ್ನೇ ನುಡಿಯಬೇಕೆಂಬುದು ಅಷ್ಟೇ ಹಳೆಯ ಆಜ್ಞೆ. ಈ ಎರಡು ಕರ್ತವ್ಯಗಳು ಒಂದಕ್ಕೊಂದು ಮುಖಾಮುಖಿಯಾಗುವ ಸ್ಥಳವೊಂದಿದೆ. ಅದು ಹಳೆಯ ಪತ್ರಿಕೆಗಳ ಮರಣವಾರ್ತೆಯ ಅಂಕಣ. ತನ್ನ ಕುಟುಂಬದ ಇತಿಹಾಸವನ್ನು ಅರಸಿ ಹೊರಟವನು ಅಲ್ಲಿ ಪೂರ್ವಜರನ್ನು ಕಾಣುತ್ತಾನೆ. ಕೆಲವೊಮ್ಮೆ, ಕಾಣಿಸಬಾರದೆಂದು ಮನೆಯವರು ಬಯಸಿದ್ದನ್ನೂ ಕಾಣುತ್ತಾನೆ. ಆಗ ಅವನು ಯಾರಿಗೆ ಋಣಿ? ಮೌನವನ್ನು ಬಯಸಿದವರಿಗೋ, ಆ ಮೌನದಲ್ಲಿ ಹೂತುಹೋದವರಿಗೋ?

ಈ ಪ್ರಶ್ನೆ ಬಹಳ ಸ್ಪಷ್ಟವಾಗಿ ಎದುರಾಗುವುದು ಅಮೆರಿಕದ ಸಣ್ಣ ಪಟ್ಟಣಗಳ ಪತ್ರಿಕೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಎಷ್ಟೋ ಪುಟ್ಟ ಊರುಗಳಿಗೆ ತಮ್ಮದೇ ಆದ ವಾರಪತ್ರಿಕೆಗಳಿದ್ದವು. ಮಹಾನಗರದ ಪತ್ರಿಕೆಗಳು ಗಣ್ಯರ ಮರಣಕ್ಕೆ ಸ್ಥಳ ಕೊಟ್ಟರೆ, ಊರ ಪತ್ರಿಕೆ ರೈತನ ಮರಣವನ್ನೂ ಕಮ್ಮಾರನ ಮರಣವನ್ನೂ ಬರೆಯುತ್ತಿತ್ತು. ಹುಟ್ಟಿದ ಸ್ಥಳ, ವಲಸೆ ಬಂದ ವರ್ಷ, ಮದುವೆಯಾದ ದಿನ, ನಡೆದುಕೊಳ್ಳುತ್ತಿದ್ದ ಚರ್ಚು, ಉಳಿದಿರುವ ಮಕ್ಕಳು ಮತ್ತು ಅವರು ನೆಲೆಸಿದ ಊರು, ಇವೆಲ್ಲವೂ ಅಲ್ಲಿ ದೊರೆಯುವುದುಂಟು. ಸಮುದ್ರದಾಚೆಯ ಯಾವ ಹಳ್ಳಿಯಿಂದ ಅಜ್ಜ ಬಂದನೆಂಬುದು ಬೇರೆಲ್ಲಿಯೂ ಸಿಗದೆ ಈ ಹತ್ತಾರು ಸಾಲುಗಳಲ್ಲಿ ಸಿಕ್ಕಿದ ಕುಟುಂಬಗಳು ಹಲವು. ಇವುಗಳ ಬೆಲೆ ಹೆಚ್ಚಲು ಇನ್ನೊಂದು ಕಾರಣವೂ ಇದೆ. 1890ರ ಅಮೆರಿಕದ ಜನಗಣತಿಯ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಸಂಭವಿಸಿದ ಬೆಂಕಿ ಅನಾಹುತದಿಂದಾಗಿ ನಷ್ಟವಾದವು. 1880ರ ಗಣತಿಗೂ 1900ರ ಗಣತಿಗೂ ನಡುವೆ ಹುಟ್ಟಿ ಮಡಿದ ಮಗುವಿಗೆ ಊರ ಪತ್ರಿಕೆಯ ಎರಡು ಸಾಲೇ ಏಕೈಕ ಸಾಕ್ಷಿಯಾಗಿರಬಹುದು. ಇಂಥ ಹಳೆಯ ಪತ್ರಿಕೆಗಳನ್ನು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2007ರಿಂದ ಅಂತರಜಾಲದಲ್ಲಿ ಉಚಿತವಾಗಿ ಓದಲು ಒದಗಿಸುತ್ತಿದೆ.

ಆದರೆ ಮರಣವಾರ್ತೆಯು ನ್ಯಾಯಾಲಯದ ಸಾಕ್ಷ್ಯವಲ್ಲ. ಅದು ದುಃಖತಪ್ತರ ಮಾತು. ವಯಸ್ಸು ತಪ್ಪಾಗಿರಬಹುದು, ಜಗಳಗಂಟನೂ ಅಲ್ಲಿ ಶಾಂತಸ್ವಭಾವದವನಾಗಿಬಿಡಬಹುದು. ಇದನ್ನು ಸುಳ್ಳೆಂದು ಕರೆಯುವುದು ಕ್ರೂರವಾದೀತು. ಹೆಚ್ಚು ಗಮನಿಸಬೇಕಾದದ್ದು ಹೇಳಿದ ಮಾತನ್ನಲ್ಲ, ಹೇಳದೆ ಬಿಟ್ಟದ್ದನ್ನು. ವಿವಾಹಿತ ಸ್ತ್ರೀ ಅಲ್ಲಿ ಬಹುಪಾಲು 'ಮಿಸೆಸ್ ಜಾನ್ ಸ್ಮಿತ್' ಎಂಬಂತೆ ಗಂಡನ ಹೆಸರಿನಿಂದಲೇ ಗುರುತಿಸಲ್ಪಡುತ್ತಾಳೆ. ಮೂರು ತಲೆಮಾರುಗಳ ಬಳಿಕ ಹುಡುಕುವವರಿಗೆ ಅವಳ ಮರಣದ ದಿನ ಸಿಗುತ್ತದೆ, ಅವಳ ಹೆಸರು ಸಿಗುವುದಿಲ್ಲ. ಬಿಳಿಯರ ಒಡೆತನದ ಎಷ್ಟೋ ಪತ್ರಿಕೆಗಳಲ್ಲಿ ಕರಿಯ ಜನರ ಮರಣಕ್ಕೆ ಸ್ಥಳವೇ ಇರಲಿಲ್ಲ. ವಿಚ್ಛೇದನ ಪಡೆದ ಮೊದಲ ಪತ್ನಿ, ವಿವಾಹದ ಹೊರಗೆ ಹುಟ್ಟಿದ ಮಗು, ಮನೋರೋಗದ ಆಸ್ಪತ್ರೆಯಲ್ಲಿ ಬಾಳು ಸವೆಸಿದ ಸಹೋದರ, ಇಂಥವರು ಉಳಿದವರ ಪಟ್ಟಿಯಿಂದ ಸದ್ದಿಲ್ಲದೆ ಮರೆಯಾಗುವುದುಂಟು.

ದೊಡ್ಡ ಪತ್ರಿಕೆಗಳೂ ಇದಕ್ಕೆ ಹೊರತಾಗಿರಲಿಲ್ಲ. 1851ರಲ್ಲಿ ಆರಂಭವಾದ 'ನ್ಯೂಯಾರ್ಕ್ ಟೈಮ್ಸ್', ತನ್ನ ಮರಣವಾರ್ತೆಗಳಲ್ಲಿ ಬಿಳಿಯ ಗಂಡಸರೇ ತುಂಬಿಕೊಂಡಿದ್ದಾರೆಂದು ಒಪ್ಪಿಕೊಂಡು, 2018ರ ಮಾರ್ಚ್ ತಿಂಗಳಲ್ಲಿ ಕಡೆಗಣಿಸಲ್ಪಟ್ಟವರಿಗಾಗಿ ಒಂದು ಲೇಖನಮಾಲೆಯನ್ನು ಪ್ರಾರಂಭಿಸಿತು. 1855ರಲ್ಲಿ ತೀರಿಕೊಂಡ ಕಾದಂಬರಿಕಾರ್ತಿ ಶಾರ್ಲಟ್ ಬ್ರಾಂಟೆ, ಕರಿಯರ ಮೇಲಿನ ಗುಂಪುಹತ್ಯೆಗಳ ವಿರುದ್ಧ ಬರೆದು 1931ರಲ್ಲಿ ಮಡಿದ ಐಡಾ ಬಿ. ವೆಲ್ಸ್, ಇಂಥವರಿಗೆ ಆಗ ಮರಣವಾರ್ತೆ ದೊರೆಯಿತು. ತಡವಾಯಿತು, ನಿಜ. ಆದರೂ ನ್ಯಾಯವು ತಡವಾಗಿ ಬಂದರೂ ನ್ಯಾಯವೇ.

ಇದು ದೂರದ ದೇಶದ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹುಟ್ಟಿದ್ದೂ ರಾಜಧಾನಿಯಲ್ಲಲ್ಲ, ಕರಾವಳಿಯ ಪಟ್ಟಣವೊಂದರಲ್ಲಿ. ಇಂದಿಗೂ ನಮ್ಮ ಪತ್ರಿಕೆಗಳ ಊರ ಪುಟದಲ್ಲಿ ಕಾಣುವ ನಿಧನವಾರ್ತೆಯ ಧಾಟಿ ಎಲ್ಲರಿಗೂ ಕಂಠಪಾಠ: ಮೃತರು ಪತ್ನಿ, ಇಬ್ಬರು ಪುತ್ರರು, ಮೂವರು ಪುತ್ರಿಯರು ಹಾಗೂ ಅಪಾರ ಬಂಧುಮಿತ್ರರನ್ನು ಅಗಲಿದ್ದಾರೆ. ಇಲ್ಲಿ ಸಂಖ್ಯೆ ಇದೆ, ಹೆಸರಿಲ್ಲ. ಐವತ್ತು ವರ್ಷಗಳ ಅನಂತರ ಮೊಮ್ಮಗಳ ಮಗಳು ಇದನ್ನು ಓದಿದರೆ ಆ ಪತ್ನಿ ಯಾರು, ಯಾವ ಊರಿನ ಮಗಳು ಎಂಬುದು ತಿಳಿಯುವುದೇ ಇಲ್ಲ. ಭಾವಚಿತ್ರದೊಡನೆ ಅಚ್ಚಾಗುವ ಶ್ರದ್ಧಾಂಜಲಿಯಾದರೋ ಹಣ ತೆತ್ತು ಹಾಕಿಸುವ ಜಾಹೀರಾತು. ಕೂಲಿಯವನ ಮನೆಗೆ ಅದು ಎಟುಕದು.

ಈ ಕೊರತೆಯನ್ನು ತುಂಬುವ ಪುಸ್ತಕವೊಂದು ಧರ್ಮಕೇಂದ್ರಗಳ ಕಪಾಟುಗಳಲ್ಲಿದೆ. 1563ರಲ್ಲಿ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆಯನ್ನು ಕಡ್ಡಾಯಗೊಳಿಸಿತು. 1614ರ ರೋಮನ್ ವಿಧಿಗ್ರಂಥ ಮರಣದ ದಾಖಲೆಯನ್ನೂ ಸೇರಿಸಿತು. ಆ ಪುಸ್ತಕದಲ್ಲಿ ಹೊಗಳಿಕೆಯಿಲ್ಲ, ಭಾವಚಿತ್ರವೂ ಇಲ್ಲ. ಆದರೆ ಜಮೀನ್ದಾರನ ಹೆಸರಿನ ಕೆಳಗಿನ ಸಾಲಿನಲ್ಲೇ ಅವನ ಒಕ್ಕಲಿನವನ ಹೆಸರೂ ಬರುತ್ತದೆ. ಮರಣವಾರ್ತೆಯನ್ನು ಇದರ ಪಕ್ಕದಲ್ಲಿಟ್ಟು ಓದುವವನೇ ಸರಿಯಾದ ಓದುಗ.

ಹೀಗೆ ಓದುವಾಗ, ಮುಚ್ಚಿಟ್ಟದ್ದು ಹೊರಬಂದರೆ ಏನು ಮಾಡಬೇಕು? ಇಲ್ಲಿ ಒಂದು ಭೇದವನ್ನು ಕಾಣುವುದು ಅಗತ್ಯ. ಒಬ್ಬನು ಹೇಗೆ ಸತ್ತ, ಯಾವ ದೌರ್ಬಲ್ಯಕ್ಕೆ ಒಳಗಾದ ಎಂಬುದು ಗುಟ್ಟಾಗಿರಬಹುದು. ಅದರಿಂದ ನೋಯುವವರು ಬದುಕಿರುವ ತನಕ ನಮ್ಮ ಕುತೂಹಲಕ್ಕಿಂತ ಅವರ ನೆಮ್ಮದಿ ದೊಡ್ಡದು. ಆದರೆ ಒಬ್ಬನು ಇದ್ದನೆಂಬುದು ಯಾರ ಗುಟ್ಟೂ ಅಲ್ಲ. ದೋಷವನ್ನು ಮುಚ್ಚುವುದು ದಯೆ. ಮನುಷ್ಯನನ್ನೇ ಮುಚ್ಚಿಬಿಡುವುದು ಅನ್ಯಾಯ. ಪಟ್ಟಿಯಿಂದ ಬಿಟ್ಟುಹೋದ ಮಗುವಿಗೆ ವಂಶವೃಕ್ಷದಲ್ಲಿ ಒಂದು ಕೊಂಬೆಯನ್ನು ಕೊಡಲು ಅದರ ತಾಯಿಯ ಕಥೆಯನ್ನು ಬೀದಿಗೆ ತರಬೇಕಾಗಿಲ್ಲ. ಹೆಸರು ಮತ್ತು ಹುಟ್ಟಿದ ದಿನ ಸಾಕು. ಬಿಟ್ಟವರ ಮೇಲೆ ತೀರ್ಪು ಕೊಡಲು ಅವಸರಪಡುವುದೂ ಸಲ್ಲದು. ಸ್ಥಳವಿಲ್ಲವೆಂದು ಸಂಪಾದಕನೇ ಹೆಸರನ್ನು ಕತ್ತರಿಸಿರಬಹುದು, ಅಥವಾ ದುಃಖದ ಗಳಿಗೆಯಲ್ಲಿ ಯಾರಿಗೂ ನೆನಪಾಗದೆ ಹೋಗಿರಬಹುದು.

ಸಂತ ಮತ್ತಾಯನ ಶುಭಸಂದೇಶ ತೆರೆದುಕೊಳ್ಳುವುದೇ ಒಂದು ವಂಶಾವಳಿಯಿಂದ. ಗಂಡಸರ ಹೆಸರುಗಳ ಆ ಉದ್ದನೆಯ ಸಾಲಿನಲ್ಲಿ ತಾಮಾರ್, ರಾಹಾಬ್, ರೂತ್ ಇವರನ್ನು ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒಬ್ಬಳು ಸೂಳೆಯೆನಿಸಿಕೊಂಡವಳು, ಇನ್ನೊಬ್ಬಳು ಪರದೇಶದ ವಿಧವೆ. ಆದರೂ ಅವರನ್ನು ಅಲ್ಲಿ ಬರೆಯಲಾಗಿದೆ. ಬತ್ಷೆಬಳಿಗೆ ಮಾತ್ರ ಅಲ್ಲಿಯೂ ಸ್ವಂತ ಹೆಸರಿಲ್ಲ, ಊರೀಯನ ಹೆಂಡತಿ ಎಂದಷ್ಟೇ ಇದೆ. ಆದರೆ ಆ ಎರಡು ಪದಗಳು ದಾವೀದ ಅರಸ ಮಾಡಿದ ಅನ್ಯಾಯವನ್ನೂ, ಅದಕ್ಕೆ ಬಲಿಯಾದವನ ಹೆಸರನ್ನೂ ಮರೆಯಗೊಡುವುದಿಲ್ಲ. ತನ್ನ ಕುಲದ ಕಳಂಕವನ್ನು ತೊಳೆಯದೆ, ಅದಕ್ಕೆ ನಾಚದೆ ಬರೆದ ವಂಶಾವಳಿಯದು.

ನಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ದೊಡ್ಡ ವಿದ್ವತ್ತು ಬೇಡ. ಹಿರಿಯರು ಬದುಕಿರುವಾಗಲೇ ಅಜ್ಜಿಯ ತವರಿನ ಹೆಸರನ್ನು ಕೇಳಿ ಬರೆದಿಡೋಣ. ಎಳವೆಯಲ್ಲೇ ತೀರಿಕೊಂಡ ಮಕ್ಕಳನ್ನೂ, ಮುಂಬಯಿಗೋ ತೋಟದ ಕೆಲಸಕ್ಕೋ ಹೋಗಿ ಮರಳದವರನ್ನೂ ಆ ಪಟ್ಟಿಯಲ್ಲಿ ಸೇರಿಸೋಣ. ಮನೆಯಲ್ಲಿ ಸಾವು ಸಂಭವಿಸಿ ಪತ್ರಿಕೆಗೆ ನಾಲ್ಕು ಸಾಲು ಕಳುಹಿಸುವ ದಿನ ಬಂದಾಗ, 'ಪತ್ನಿ' ಎಂಬ ಪದದ ಪಕ್ಕದಲ್ಲಿ ಅವಳ ಹೆಸರನ್ನೂ ಬರೆಯೋಣ.